ಅಲೆಯಿಂದ ಕೆರೆಗೆ: ಸರ್ಫಿಂಗ್ ಪ್ರವಾಸ ವೇದಿಕೆಯ ಅಗತ್ಯ ವಿಶ್ಲೇಷಣೆ ಮತ್ತು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳು

ರೈಲಿನ ಬರ್ತು, ಬಸ್ಸಿನ ಸೀಟು, ವಸತಿಗೃಹದ ಕೋಣೆ: ನಮ್ಮಲ್ಲಿ ಆನ್‌ಲೈನ್ ಬುಕಿಂಗ್ ಬೆಳೆದದ್ದು ಈ ಮೂರರ ಮೇಲೆ. 2002ರ ಆಗಸ್ಟ್‌ನಲ್ಲಿ ಐಆರ್‌ಸಿಟಿಸಿ ಅಂತರಜಾಲದ ಮೂಲಕ ಟಿಕೆಟ್ ಕೊಡಲು ತೊಡಗಿತು. ಆಮೇಲೆ ಬಂದ ಪ್ರವಾಸ ವೇದಿಕೆಗಳಲ್ಲಿ ಬಹುಪಾಲು ಅದೇ ತಿಳಿವಳಿಕೆಯನ್ನು ಮುಂದುವರಿಸಿದವು. ಮಾರುವ ವಸ್ತುವನ್ನು ಎಣಿಸಿಡಬಹುದು, ಹೇಳಿದ ದಿನ ಅದು ಹೇಳಿದ ಜಾಗದಲ್ಲಿ ಇರುತ್ತದೆ, ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ಹೋಗದಂತೆ ನೋಡಿಕೊಂಡರೆ ತಂತ್ರಾಂಶದ ಕೆಲಸ ಮುಗಿಯಿತು. ಸರ್ಫಿಂಗ್ ಪ್ರವಾಸ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಹಲಗೆ ಹಿಡಿದು ಕಡಲಿಗೆ ಇಳಿಯುವವರಿಗೆ ಕೋಣೆ ಸಿಕ್ಕಿ ಅಲೆ ಸಿಗದಿದ್ದರೆ ಪ್ರವಾಸ ನಡೆದಂತಲ್ಲ; ಕೋಣೆ ಸಿಕ್ಕಿ ಅಲೆ ಮಿತಿಮೀರಿದರೆ ಜೀವಕ್ಕೇ ಸಂಚಕಾರ. ಆದ್ದರಿಂದ ಇಂಥ ವೇದಿಕೆಯ ಅಗತ್ಯಗಳನ್ನು ಗುರುತಿಸುವವರು ಕೋಣೆಯಿಂದ ಆರಂಭಿಸದೆ, ನಿಸರ್ಗದ ಆ ಹೊತ್ತಿನ ಸ್ಥಿತಿಯಿಂದಲೂ ಆ ಸ್ಥಿತಿಯನ್ನು ಅಧಿಕೃತವಾಗಿ ಹೇಳಬಲ್ಲವರು ಯಾರು ಎಂಬ ಪ್ರಶ್ನೆಯಿಂದಲೂ ಆರಂಭಿಸಬೇಕು. ಹೀಗೆ ಕಡಲ ತೀರದಲ್ಲಿ ಕಂಡುಕೊಂಡ ಕ್ರಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂಥ ಒಳನಾಡಿನ ತಾಲ್ಲೂಕುಗಳಿಗೂ ಹೋಟೆಲ್ ಮಾದರಿಗಿಂತ ಚೆನ್ನಾಗಿ ಹೊಂದುತ್ತದೆ ಎಂಬುದು ಈ ಲೇಖನದ ವಾದ.

ಕರ್ನಾಟಕದಲ್ಲಿ ಸರ್ಫಿಂಗ್‌ಗೆ ನೆಲೆ ಸಿಕ್ಕಿದ್ದು ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ. ಮಂತ್ರ ಸರ್ಫ್ ಕ್ಲಬ್ 2004ರಲ್ಲಿ ಅಲ್ಲಿ ಶುರುವಾಯಿತು. 2011ರಲ್ಲಿ ಭಾರತೀಯ ಸರ್ಫಿಂಗ್ ಫೆಡರೇಷನ್ ಹುಟ್ಟಿತು. 2016ರ ಮೇ ತಿಂಗಳಲ್ಲಿ ಮೊದಲ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲು ಕಡಲ ತೀರದಲ್ಲಿ ನಡೆಯಿತು. ಸ್ಪರ್ಧೆಗೆ ಆರಿಸಿಕೊಂಡ ತಿಂಗಳೇ ಒಂದು ಸಾಕ್ಷ್ಯ. ಮೇ ಕೊನೆಯ ಹೊತ್ತಿಗೆ ಮುಂಗಾರಿನ ಮುನ್ನುಬ್ಬರ ಅಲೆಗೆ ಎತ್ತರ ಕೊಡುತ್ತದೆ, ಮಳೆಗಾಳಿಯ ಅಬ್ಬರ ಮಾತ್ರ ಇನ್ನೂ ಪೂರ್ತಿ ಬಂದಿರುವುದಿಲ್ಲ. ಜೂನ್‌ನಿಂದ ಕಡಲು ಕೆರಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುತ್ತದೆ. ಮಳೆಗಾಲ ಕಳೆದ ಮೇಲೆ ಬರುವ ಸಣ್ಣ, ಸೌಮ್ಯ ಅಲೆ ಹೊಸಬರಿಗೆ ಸರಿ, ಪಳಗಿದವರಿಗೆ ಸಪ್ಪೆ. ಒಂದೇ ದಿನದೊಳಗೂ ವ್ಯತ್ಯಾಸವಿದೆ: ಬೆಳಿಗ್ಗೆ ನೆಲದ ಕಡೆಯಿಂದ ಬೀಸುವ ಗಾಳಿಗೆ ಅಲೆಯ ಮೈ ನುಣುಪಾಗಿರುತ್ತದೆ, ಮಧ್ಯಾಹ್ನ ಕಡಲ ಗಾಳಿ ಎದ್ದೊಡನೆ ಅದು ಕದಡುತ್ತದೆ. ಅಲೆಯ ಎತ್ತರ, ಎರಡು ಅಲೆಗಳ ನಡುವಿನ ಸೆಕೆಂಡುಗಳು, ಗಾಳಿಯ ದಿಕ್ಕು, ಉಬ್ಬರವಿಳಿತ ಎಂಬ ನಾಲ್ಕು ಸಂಗತಿ ಕೂಡಿದಾಗಲೇ 'ಇಂದು ಪಾಠವಿದೆ' ಎನ್ನಬಹುದು. ಇದರ ಜೊತೆಗೆ ದಾರಿಯ ಮಾತೂ ಇದೆ. ಅಲೆ ಜೋರಾಗಿರುವ ತಿಂಗಳುಗಳಲ್ಲೇ ಆಗುಂಬೆಯಂಥ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬೀಳುವುದು ವಾಡಿಕೆ. ಹೊನ್ನಾಳಿಯಿಂದಲೋ ಚನ್ನಗಿರಿಯಿಂದಲೋ ಕರಾವಳಿಗೆ ಹೊರಟ ಕಾಲೇಜು ತಂಡಕ್ಕೆ ಕಡಲಿನ ಸ್ಥಿತಿಯಷ್ಟೇ ಘಾಟಿಯ ಸ್ಥಿತಿಯೂ ಮುಖ್ಯ. ಕೋಣೆಯ ಪಟ್ಟಿ ಇವೆರಡರಲ್ಲಿ ಒಂದನ್ನೂ ಹೇಳುವುದಿಲ್ಲ.

ಅಗತ್ಯ ವಿಶ್ಲೇಷಣೆಯ ಶಾಸ್ತ್ರಕ್ಕೆ ಈ ತೊಡಕು ಹೊಸದಲ್ಲ. ಪಮೇಲಾ ಝೇವ್ ಮತ್ತು ಮೈಕೆಲ್ ಜಾಕ್ಸನ್ 1997ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇದು: ಅಗತ್ಯ ಎಂಬುದು ಯಂತ್ರದೊಳಗಿನ ಸಂಗತಿಯಾಗಿರದೆ ಹೊರಗಿನ ಲೋಕದ ಸಂಗತಿಯಾಗಿರುತ್ತದೆ, ಲೋಕದ ಬಗ್ಗೆ ನಾವು ಇಟ್ಟುಕೊಂಡ ಗ್ರಹಿಕೆಗಳನ್ನು ಬರೆದಿಡದಿದ್ದರೆ, ಯಂತ್ರ ಹೇಳಿದ್ದನ್ನೆಲ್ಲ ತಪ್ಪದೆ ಮಾಡಿದರೂ ಅಗತ್ಯ ಈಡೇರದೆ ಹೋಗಬಹುದು. ಬುಕಿಂಗ್ ವೇದಿಕೆಯ ಮಟ್ಟಿಗೆ 'ಮಾರಿದ್ದು ಆ ದಿನ ಅಲ್ಲಿರುತ್ತದೆ' ಎಂಬುದೇ ಬರೆದಿಡದ ಆ ಗ್ರಹಿಕೆ. ಇದು ಸುಳ್ಳಾದಾಗ ಎಷ್ಟು ವೇಗದ ಸರ್ವರ್ ಇದ್ದರೂ, ಎಷ್ಟು ಅಂದದ ಪುಟ ಇದ್ದರೂ ಗ್ರಾಹಕನಿಗೆ ದೊರೆಯುವುದು ಮೋಸದ ಅನುಭವ. ನಮ್ಮ ಟೆಂಡರ್ ದಾಖಲೆಗಳಲ್ಲಿ ಲಾಗಿನ್, ಪಾವತಿ, ವರದಿ ಎಂಬ ಅಧ್ಯಾಯಗಳು ಪುಟಗಟ್ಟಲೆ ಸಾಗಿ ಲೋಕದ ಗ್ರಹಿಕೆಗಳಿಗೆ ಒಂದು ಸಾಲೂ ಸಿಗದಿರುವುದು ಚಿಂತೆಯ ವಿಷಯ.

ಹಾಗಾದರೆ ಸ್ಥಿತಿಯನ್ನು ಹೇಳಬೇಕಾದವರು ಯಾರು? ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್, ಅಂದರೆ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಲೆಯ ಮುನ್ಸೂಚನೆಯನ್ನೂ ಎಚ್ಚರಿಕೆಯನ್ನೂ ಕೊಡುತ್ತದೆ. ಆ ಮಾಹಿತಿ ವೇದಿಕೆಯೊಳಗೆ ತಾನಾಗಿ ಬಂದು ಸೇರುವಂತಿರಬೇಕು. ಆದರೆ ಮುನ್ಸೂಚನೆ ದೊಡ್ಡ ಪ್ರದೇಶಕ್ಕೆ ಅನ್ವಯಿಸುವಂಥದ್ದು. ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲಿನಲ್ಲಿ ಮರಳದಂಡೆ ಈ ವಾರ ಎತ್ತ ಸರಿದಿದೆ ಎಂಬುದನ್ನು ಬಲ್ಲವರು ಅಲ್ಲಿನ ತರಬೇತುದಾರರು ಮತ್ತು ಮೀನುಗಾರರು. ಆದ್ದರಿಂದ ಮೊದಲ ಅಗತ್ಯ ಹೀಗಿರಬೇಕು: ಪ್ರತಿ ಸ್ಥಳಕ್ಕೂ ಸ್ಥಿತಿ ಘೋಷಿಸುವ ಹೊಣೆಗಾರರೊಬ್ಬರು ಇರಬೇಕು, ಅವರ 'ಇಲ್ಲ' ಎಂಬ ಮಾತು ಹಣದ ಮಾತಿಗಿಂತ ಮೇಲಿರಬೇಕು, ಅವರು 'ಇಲ್ಲ' ಎಂದಾಗ ಮುಂಗಡ ತಾನಾಗಿ ವಾಪಸಾಗಬೇಕು ಇಲ್ಲವೇ ಬೇರೆ ದಿನಕ್ಕೆ ವರ್ಗವಾಗಬೇಕು. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಹದಿಮೂರು ಬಗೆಯ ವಂಚಕ ವಿನ್ಯಾಸಗಳನ್ನು ನಿಷೇಧಿಸಿದೆ. 'ಇನ್ನೆರಡೇ ಉಳಿದಿವೆ' ಎಂದು ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲೊಂದು. ಹೋಟೆಲ್ ಕೋಣೆಯ ವಿಚಾರದಲ್ಲಿ ಇದರಿಂದ ಜೇಬಿಗೆ ನಷ್ಟ. ಕಡಲಿನ ವಿಚಾರದಲ್ಲಿ ಅದೇ ಅವಸರ ಈಜು ಬಾರದವರನ್ನು ಕೆಟ್ಟ ದಿನದಲ್ಲಿ ನೀರಿಗೆ ದೂಡಬಲ್ಲದು.

ಇಲ್ಲಿ ಮೊದಲ ಆಕ್ಷೇಪ ಸಹಜವಾಗಿಯೇ ಏಳುತ್ತದೆ: ಸಮುದ್ರವೇ ಇಲ್ಲದ ದಾವಣಗೆರೆ ಜಿಲ್ಲೆಗೆ ಈ ಚರ್ಚೆ ಏಕೆ? ಉತ್ತರ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಿದೆ. ಶಾಂತಿಸಾಗರ ಎಂದೂ ಕರೆಯುವ ಈ ಕೆರೆ ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಏರಿ ಕಟ್ಟಿ ನಿಲ್ಲಿಸಿದ್ದು. ಶಾಂತವ್ವ ಎಂಬ ರಾಜಕುವರಿ ಕಟ್ಟಿಸಿದಳೆಂಬ ಕಥೆ ಜನರ ಬಾಯಲ್ಲಿದೆ. ಸಿದ್ಧ, ಬಸವ ಎಂಬ ಹೆಸರಿನ ನಾಲೆಗಳಿಂದ ಅಚ್ಚುಕಟ್ಟಿಗೆ ನೀರು ಹರಿಯುತ್ತದೆ. ದೂರದ ಚಿತ್ರದುರ್ಗ ನಗರಕ್ಕೂ ಕುಡಿಯುವ ನೀರು ಇಲ್ಲಿಂದಲೇ. ಈ ಕೆರೆಯನ್ನು ನೋಡುವ ಅನುಭವ ವರ್ಷವಿಡೀ ಒಂದೇ ಅಲ್ಲ. ತುಂಬಿ ಕೋಡಿ ಬಿದ್ದರೆ ಸುತ್ತಲಿನ ಊರುಗಳೆಲ್ಲ ಅತ್ತ ಹೊರಡುತ್ತವೆ. ಬರ ಬಂದ ವರ್ಷ ಏರಿಯ ಮೇಲೆ ನಿಂತವರಿಗೆ ದಂಡೆಯ ಕೆಸರೂ ಬಿರುಕೂ ಕಾಣುತ್ತವೆ. ನೀರಿನ ಮಟ್ಟವನ್ನು ಅನುಸರಿಸಿ ದಿನಚರಿ ಹೊಂದಿಸಿಕೊಳ್ಳುವುದು ಇಲ್ಲಿಯವರಿಗೆ ಕಲಿಸಬೇಕಾದ ವಿದ್ಯೆಯೂ ಅಲ್ಲ. ಭದ್ರಾ ಜಲಾಶಯ 186 ಅಡಿಯ ಗರಿಷ್ಠ ಮಟ್ಟಕ್ಕೆ ಇನ್ನೆಷ್ಟು ದೂರವಿದೆ ಎಂಬುದನ್ನು ಅಚ್ಚುಕಟ್ಟಿನ ರೈತರು ಮಳೆಗಾಲವಿಡೀ ಪತ್ರಿಕೆಯಲ್ಲಿ ನೋಡುತ್ತಾರೆ. ತುಂಗಾ, ಭದ್ರಾ ಎರಡರಿಂದಲೂ ನೀರು ಬಿಟ್ಟ ದಿನ ಹೊನ್ನಾಳಿಯ ತಗ್ಗು ಪ್ರದೇಶದವರು ಸಾಮಾನು ಎತ್ತಿಡುತ್ತಾರೆ. ಇರುವ ಈ ಅಭ್ಯಾಸಕ್ಕೆ ವೇದಿಕೆ ಹೊಂದಿಕೊಳ್ಳಬೇಕು. ಇನ್ನು ಸಂತೆಬೆನ್ನೂರಿನ ಪುಷ್ಕರಣಿ, ಚನ್ನಗಿರಿಯ ಕೋಟೆ, ಬೆಳಗುತ್ತಿ ಸಮೀಪದ ತೀರ್ಥರಾಮೇಶ್ವರಗಳಿಗೆ ಸಾಮಾನ್ಯ ಮಾದರಿಯೇ ಸಾಕು. ಅವು ಯಾವ ದಿನ ಹೋದರೂ ಅಲ್ಲಿರುತ್ತವೆ.

ವಾದಕ್ಕೆ ಗಟ್ಟಿ ಪುರಾವೆ ಸಿಗುವುದು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದ ನೆಲವೆಂದು ಬಂಜಾರ ಸಮುದಾಯ ಗೌರವಿಸುವ ಈ ಊರಿಗೆ, ಭಾಯಾಗಡ್ ಎಂದೂ ಹೆಸರಾದ ಈ ಕ್ಷೇತ್ರಕ್ಕೆ, ಪ್ರತಿ ಫೆಬ್ರವರಿಯ ಜಯಂತಿಗೆ ಕರ್ನಾಟಕದ ತಾಂಡಾಗಳಿಂದಷ್ಟೇ ಅಲ್ಲದೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದಲೂ ಭಕ್ತರು ಬರುತ್ತಾರೆ; ಮಾಲೆ ಧರಿಸಿ ಕಾಲ್ನಡಿಗೆಯಲ್ಲಿ ಬರುವವರೂ ಇದ್ದಾರೆ. ಹೋಟೆಲ್ ಮಾದರಿಯ ವೇದಿಕೆಯಲ್ಲಿ ಇಂಥ ಊರನ್ನು ಹುಡುಕಿದರೆ 'ಕೋಣೆಗಳಿಲ್ಲ' ಎಂದು ಪುಟ ಮುಚ್ಚಿಕೊಳ್ಳುತ್ತದೆ. ಆದರೆ ಬಂದವರು ಕೇಳುವುದು ಕೋಣೆಯನ್ನಲ್ಲ. ಬಂಡಿ, ಬಸ್ಸು ನಿಲ್ಲಿಸಲು ಜಾಗ, ಒಲೆ ಹೂಡಲು ನೆಲ, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ, ಕತ್ತಲಾದ ಮೇಲೆ ಬೆಳಕು. ಎಣಿಸಿ ಹಂಚಬೇಕಾದ ಸರಕು ಇದು. ಕಾಯ್ದಿರಿಸುವ ಘಟಕವೂ ಬೇರೆ: ಒಬ್ಬ ವ್ಯಕ್ತಿ, ಒಂದು ಇಮೇಲ್, ಒಂದು ಕಾರ್ಡು ಎಂಬ ಲೆಕ್ಕ ಇಲ್ಲಿ ನಡೆಯದು. ಹೊರಡುವುದು ತಾಂಡಾ, ಮಾತಾಡುವುದು ನಾಯಕ್ ಅಥವಾ ಕಾರಭಾರಿ. ಅವರೊಬ್ಬರು ಒಂದು ಕರೆಯಲ್ಲಿ ಇಡೀ ತಂಡದ ವಿವರ ಹೇಳಿ ಮುಗಿಸುವಂತಿರಬೇಕು, ಆ ಕರೆ ಗೋರ್ ಬೋಲಿಯಲ್ಲಿಯೂ ನಡೆಯುವಂತಿರಬೇಕು. ಸ್ವಂತ ಲಿಪಿಯಿಲ್ಲದ ಆ ಭಾಷೆಗೆ ಅಕ್ಷರದ ಪುಟ ಎಷ್ಟು ಸುಂದರವಾಗಿದ್ದರೂ ಧ್ವನಿಯ ಜಾಗ ತುಂಬದು. ಗುಂಪಿನ ಎಣಿಕೆ ಮೊದಲೇ ತಿಳಿಯುವುದು ಅನುಕೂಲಕ್ಕಷ್ಟೇ ಅಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುವಾಗ ಮಿತಿಮೀರಿ ಜನ ಹತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಜಾತ್ರೆಯ ದಿನದ ಜನ ಮತ್ತು ಆ ದಿನದ ಸೌಕರ್ಯ ಒಂದೇ ಕಡೆ ಲೆಕ್ಕಕ್ಕೆ ಬರದಿದ್ದರೆ ಏನಾಗಬಹುದೆಂಬುದಕ್ಕೆ ಅದಕ್ಕಿಂತ ಕಠೋರ ನಿದರ್ಶನ ಬೇಕಿಲ್ಲ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ವನ್ಯಜೀವಿಧಾಮ ಮತ್ತೊಂದು ಬಗೆಯ ಸ್ಥಿತಿಯನ್ನು ಮುಂದಿಡುತ್ತದೆ. ಸುಮಾರು 77 ಚದರ ಕಿ.ಮೀ. ವಿಸ್ತಾರದ ಈ ಕುರುಚಲು ಕಾಡನ್ನು 2011ರಲ್ಲಿ ನಾಲ್ಕು ಕೊಂಬಿನ ಆ ಪ್ರಾಣಿಗಾಗಿ ರಕ್ಷಿತವೆಂದು ಘೋಷಿಸಲಾಯಿತು. ಕೊಂಡುಕುರಿ ನಾಚಿಕೆಯ ಜೀವಿ. ಹಿಂಡು ಕಟ್ಟದೆ ಒಂಟಿಯಾಗಿಯೋ ಜೋಡಿಯಾಗಿಯೋ ಇರುತ್ತದೆ, ಸದ್ದು ಕೇಳಿದೊಡನೆ ಪೊದೆ ಸೇರುತ್ತದೆ. ಅಲೆಯಂತೆ ಅದನ್ನೂ ಯಾರೂ ಖಾತ್ರಿಯಾಗಿ ಮಾರಲಾರರು. 'ಕೊಂಡುಕುರಿ ದರ್ಶನ ಪ್ಯಾಕೇಜ್' ಎಂದು ಹಣ ಪಡೆದ ದಿನದಿಂದ ಚಾಲಕನ ಮೇಲೆ ಒತ್ತಡ ಶುರುವಾಗುತ್ತದೆ, ಜೀಪು ದಾರಿ ಬಿಟ್ಟು ಪೊದೆಯತ್ತ ತಿರುಗುತ್ತದೆ. ಇಲ್ಲಿ ವೇದಿಕೆ ಮಾರಬೇಕಾದ್ದು ಪ್ರವೇಶ ಮತ್ತು ಜೊತೆಗಾರರ ತಿಳಿವಳಿಕೆಯನ್ನು ಮಾತ್ರ; ಪ್ರಾಣಿ ಕಂಡ ಜಾಗವನ್ನು ಆ ಕ್ಷಣವೇ ಬಿತ್ತರಿಸುವ ಸೌಲಭ್ಯ ಇರಲೇಬಾರದು. ಮಿತಿ ಹಾಕುವ ಬುಕಿಂಗ್ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 2024ರ ಜನವರಿ ಕೊನೆಯ ರಜಾದಿನಗಳಲ್ಲಿ ಕುಮಾರ ಪರ್ವತದಲ್ಲಿ ಚಾರಣಿಗರು ಕಿಕ್ಕಿರಿದ ನಂತರ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿ ಇಲ್ಲದ ಚಾರಣಪಥಗಳನ್ನು ತಡೆಹಿಡಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂದು, ಒಂದು ಪಥಕ್ಕೆ ದಿನಕ್ಕೆ 300 ಜನ ಎಂಬ ಮಿತಿ ಜಾರಿಯಾಯಿತು. ಬುಕಿಂಗ್ ಎಂದರೆ ಹೆಚ್ಚು ಜನರನ್ನು ತರುವ ಸಾಧನ ಎಂಬ ಸಾಮಾನ್ಯ ನಂಬಿಕೆಗೆ ಇದು ಎದುರು ಸಾಕ್ಷ್ಯ.

ಎರಡನೆಯ ಆಕ್ಷೇಪ ವ್ಯಾವಹಾರಿಕವಾದದ್ದು. ದೊಡ್ಡ ಪ್ರವಾಸ ಕಂಪನಿಗಳ ತಾಣಗಳು ಇರುವಾಗ, ಉಳಿದದ್ದಕ್ಕೆ ಫೋನ್ ಇರುವಾಗ, ಹೊಸ ವೇದಿಕೆ ದುಂದು ಎನ್ನುವವರಿದ್ದಾರೆ. ದೊಡ್ಡ ತಾಣಗಳಿಗೆ ಈ ಪ್ರದೇಶದ ಸಂಚಾರವೇ ಗೊತ್ತಿಲ್ಲ ಎಂಬುದು ನನ್ನ ಉತ್ತರ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ರೈಲು ನಿಲ್ದಾಣವಿಲ್ಲ. 2023ರ ಫೆಬ್ರವರಿಯಲ್ಲಿ ತೆರೆದ ಶಿವಮೊಗ್ಗ ವಿಮಾನ ನಿಲ್ದಾಣದಲ್ಲಿ ಇಳಿದವರೂ ಮುಂದೆ ರಸ್ತೆಯನ್ನೇ ಹಿಡಿಯಬೇಕು. ಓಡಾಟ ನಡೆಯುವುದು ಸರ್ಕಾರಿ ಬಸ್ಸು ಮತ್ತು ಖಾಸಗಿ ಬಸ್ಸುಗಳಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದರವಿಲ್ಲ; ಹಾಗಾಗಿ ಒಂದೇ ಮನೆಯ ಗಂಡಸರಿಗೂ ಹೆಂಗಸರಿಗೂ ಪ್ರಯಾಣದ ಖರ್ಚು ಬೇರೆ ಬೇರೆ. ಈ ಸಂಗತಿ ಅರಿಯದ ಯಾವ ದರಪಟ್ಟಿಯೂ ಇಲ್ಲಿನ ಕುಟುಂಬಕ್ಕೆ ಸರಿಯಾದ ಮೊತ್ತ ಹೇಳಲಾರದು. ಫೋನ್ ಸಾಕು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಉಳಿಸಿಕೊಳ್ಳಬೇಕು: ಕರೆಯೇ ವೇದಿಕೆಯ ಬಾಗಿಲಾಗಲಿ. ಆದರೆ ಕರೆಯಲ್ಲಿ ಕೊಟ್ಟ ಮಾತಿಗೆ ದಾಖಲೆ ಬೇಕು, ಮುಂಗಡಕ್ಕೆ ರಸೀದಿ ಬೇಕು, ನೂರು ಕರೆಗಳ ಒಟ್ಟು ಮೊತ್ತ ಯಾರಿಗಾದರೂ ಕಾಣಬೇಕು.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಸ್ಥಿತಿ ಕೆಟ್ಟಾಗಲೆಲ್ಲ ಹಣ ವಾಪಸು ಕೊಡುತ್ತ ಹೋದರೆ ಸಣ್ಣ ಊಟದ ಮನೆ, ಬಾಡಿಗೆ ಜೀಪು, ಸರ್ಫಿಂಗ್ ಕಲಿಸುವ ಯುವಕ ಬದುಕುವುದು ಹೇಗೆ? ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಮುಂಗಡವನ್ನು ಎರಡಾಗಿ ಒಡೆಯುವುದು ಒಂದು ದಾರಿ: ಒಂದು ಪಾಲು ಸೇವೆ ಒದಗಿಸುವವರ ಸಮಯಕ್ಕೆ, ಅದು ವಾಪಸಿಲ್ಲವೆಂದು ಮೊದಲೇ ತಿಳಿಸಿದ್ದು; ಇನ್ನೊಂದು ಪಾಲು ಸ್ಥಿತಿಗೆ ಬದ್ಧವಾದದ್ದು. ಜೊತೆಗೆ ಸ್ಥಿತಿ ಘೋಷಿಸುವವರ ಸಂಪಾದನೆ ಆ ದಿನದ ವ್ಯಾಪಾರವನ್ನು ಅವಲಂಬಿಸಿರಬಾರದು. 'ಇಲ್ಲ' ಎಂದರೆ ತನ್ನ ಕೂಲಿಯೇ ಹೋಗುತ್ತದೆ ಎನ್ನುವವರಿಂದ ನಿರ್ಭೀತ ಘೋಷಣೆಯನ್ನು ನಿರೀಕ್ಷಿಸುವುದು ಅನ್ಯಾಯ. ಕಡಲ ತೀರದಲ್ಲಿ ತರಬೇತುದಾರ, ಸೂಳೆಕೆರೆಯಲ್ಲಿ ನೀರು ಬಿಡುವ ನೀರಗಂಟಿ, ರಂಗಯ್ಯನದುರ್ಗದಲ್ಲಿ ಅರಣ್ಯ ವೀಕ್ಷಕ, ಸೂರಗೊಂಡನಕೊಪ್ಪದಲ್ಲಿ ಜಾತ್ರೆಯ ವ್ಯವಸ್ಥಾಪಕರು ಮಾಡುವ ಈ ಕೆಲಸಕ್ಕೆ ಪ್ರತ್ಯೇಕ ಗೌರವಧನವನ್ನು ವೇದಿಕೆಯ ಚಾಲನಾ ವೆಚ್ಚದಲ್ಲೇ ಸೇರಿಸಬೇಕು. ತಂತ್ರಾಂಶದ ಬಜೆಟ್ಟಿನಲ್ಲಿ ಮನುಷ್ಯರ ಸಂಬಳ ಏಕೆ ಎಂದು ಲೆಕ್ಕಪರಿಶೋಧಕರು ಕೇಳಿದರೆ, ಆ ಮನುಷ್ಯರಿಲ್ಲದೆ ಪುಟದ ಮೇಲೆ ಬರುವ 'ಲಭ್ಯವಿದೆ' ಎಂಬ ಸೂಚನೆಗೆ ಆಧಾರವೇ ಇರುವುದಿಲ್ಲ ಎನ್ನಬಹುದು.

ಜಿಲ್ಲಾಡಳಿತವಾಗಲಿ ಪ್ರವಾಸೋದ್ಯಮ ಇಲಾಖೆಯಾಗಲಿ ಇಂಥ ವೇದಿಕೆಗೆ ಮುಂದಾದರೆ, ಅಗತ್ಯಗಳ ದಾಖಲೆಯ ಮೊದಲ ಷರತ್ತಾಗಿ ಇದನ್ನು ಬರೆಯಲಿ: ಸ್ಥಿತಿ ಘೋಷಿಸುವವರ ಹೆಸರು, ಆ ದಿನದ ಜನಮಿತಿ, ಹಣ ವಾಪಸಿನ ನಿಯಮ ಈ ಮೂರು ಭರ್ತಿಯಾಗದ ಯಾವ ಸ್ಥಳದ ಪುಟದಲ್ಲಿಯೂ ಪಾವತಿಯ ಗುಂಡಿ ತೆರೆಯಕೂಡದು. ವಿಶ್ಲೇಷಕರು ತಮ್ಮ ಮೊದಲ ಸಂದರ್ಶನಗಳನ್ನು ಬೆಂಗಳೂರಿನ ಕಚೇರಿಯಲ್ಲಿ ಮಾಡದೆ ಸೂಳೆಕೆರೆಯ ತೂಬಿನ ಬಳಿ, ಫೆಬ್ರವರಿಯ ಜಾತ್ರೆಗೆ ಹೊರಡುವ ತಾಂಡಾಗಳಲ್ಲಿ, ಜಗಳೂರಿನ ಕಾಡಂಚಿನ ಹಳ್ಳಿಗಳಲ್ಲಿ ಮಾಡಲಿ.