ಯೆಹೂದ್ಯ ಮತ್ತು ಕ್ರೈಸ್ತ ಧರ್ಮಗ್ರಂಥಗಳಲ್ಲಿ ದಾಸ್ಯವಿಚಾರ

ಐಗುಪ್ತದೇಶದಲ್ಲಿ ಇಟ್ಟಿಗೆ ಮಾಡಿ ದುಡಿದು ನೊಂದ ತಮ್ಮ ಹಿರಿಯರನ್ನು ದೇವರು ಬಿಡಿಸಿ ತಂದನೆಂಬುದೇ ಇಸ್ರಾಯೇಲ ಜನಾಂಗದ ಶ್ರದ್ಧೆಗೆ ಮೂಲವು. ಹೀಗಿದ್ದರೂ ಅದೇ ಜನಾಂಗದ ಧರ್ಮಶಾಸ್ತ್ರವು ಆಳುಗಳ ಕ್ರಯವಿಕ್ರಯವನ್ನು ನಿಷೇಧಿಸಲಿಲ್ಲ. ದೇವರ ಸೇವಕನೆನಿಸಿದ ಮೋಶೆಗೂ ಹಣ ಕೊಟ್ಟು ಕೊಂಡ ಆಳಿಗೂ ಹೀಬ್ರೂ ಭಾಷೆಯಲ್ಲಿ ‘ಎಬೆದ್’ ಎಂಬ ಒಂದೇ ಶಬ್ದವಿರುವದು.

ಸ್ವಜನನನ್ನು ಕೊಂಡರೆ ಆರು ವರುಷ ದುಡಿಸಿ ಏಳನೆಯ ವರುಷ ಬಿಡತಕ್ಕದ್ದೆಂದೂ ಬರಿಗೈಯಿಂದ ಕಳುಹಕೂಡದೆಂದೂ ವಿಧಿಯುಂಟು. ಒಡೆಯನು ಆಳಿನ ಹಲ್ಲು ಮುರಿದರೆ ಅದಕ್ಕೆ ಬದಲಾಗಿ ಬಿಡುಗಡೆ ಕೊಡಬೇಕು. ಆದರೆ ಪರದೇಶೀಯರಿಗೆ ಏಳು ವರುಷದ ಲೆಕ್ಕವಿಲ್ಲ. ಯಾಜಕಕಾಂಡದ 25ನೆಯ ಅಧ್ಯಾಯದ ಮೇರೆಗೆ ಅವರು ಮಕ್ಕಳಿಗೆ ಬಿಟ್ಟುಹೋಗತಕ್ಕ ಸೊತ್ತು. ಸ್ವಜನರ ವಿಧಿಯಾದರೂ ನಡೆಯಿತೆ? ಕ್ರಿ. ಪೂ. 588ರ ಸುಮಾರಿಗೆ ಬಾಬೆಲಿನ ಸೈನ್ಯವು ಯೆರೂಸಲೇಮನ್ನು ಮುತ್ತಿದಾಗ ಅರಸನಾದ ಚಿದ್ಕೀಯನು ಇಂಥ ಆಳುಗಳನ್ನೆಲ್ಲ ಬಿಡಿಸಿದನು. ಶತ್ರುಗಳು ತುಸು ಹಿಂಜರಿದೊಡನೆ ಒಡೆಯರು ಅವರನ್ನು ಮರಳಿ ಹಿಡಿದು ತಂದರು. ಪ್ರವಾದಿಯಾದ ಯೆರೆಮೀಯನು ಕೆರಳಿ ಆ ಪಟ್ಟಣದ ನಾಶವನ್ನೇ ಮುಂಗಂಡು ನುಡಿದನು.

ಇವೆಲ್ಲವುಗಳಿಗಿಂತ ಆಶ್ಚರ್ಯಕರವಾದ ವಿಧಿಯು ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿರುವದು: ಒಡೆಯನಿಂದ ತಪ್ಪಿಸಿಕೊಂಡು ಬಂದವನನ್ನು ಮರಳಿ ಒಪ್ಪಿಸಲಾಗದು, ಅವನು ಮೆಚ್ಚಿದ ಊರಲ್ಲಿ ಅವನನ್ನು ಇರಗೊಡಬೇಕು. ಬಾಬೆಲಿನ ಹಮ್ಮುರಾಬಿಯ ಶಾಸನವಾದರೋ, ಇಂಥವನನ್ನು ಮನೆಯಲ್ಲಿ ಅಡಗಿಸಿಕೊಂಡವನಿಗೆ ಮರಣದಂಡನೆಯನ್ನೇ ವಿಧಿಸಿತ್ತು.

ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಸಂಗತಿಯು ಬೇರೆ. ಸೆರೆಯಲ್ಲಿದ್ದ ಪೌಲನು ಒನೇಸಿಮನೆಂಬ ಆಳನ್ನು ಅವನ ಒಡೆಯನಾದ ಫಿಲೆಮೋನನ ಬಳಿಗೆ ಮರಳಿ ಕಳುಹಿದನು. ಆಳೆಂದೆಣಿಸದೆ ಪ್ರಿಯಸಹೋದರನೆಂದು ಸ್ವೀಕರಿಸಬೇಕೆಂದೇನೋ ಬರೆದನು. ಆದರೆ ಬಿಡುಗಡೆ ಕೊಡೆಂದು ಬಾಯಿಬಿಟ್ಟು ಹೇಳಲಿಲ್ಲ. ಕ್ರಿಸ್ತನಲ್ಲಿ ಆಳೆಂದೂ ಸ್ವತಂತ್ರನೆಂದೂ ಭೇದವಿಲ್ಲವೆಂದು ಗಲಾತ್ಯದವರಿಗೆ ಪೌಲನು ಬರೆದ ಪತ್ರವು ಹೇಳುವದು. ಅವನದೇ ಹೆಸರಿನ ಎಫೆಸ ಪತ್ರವು ಒಡೆಯರಿಗೆ ಭಯಭಕ್ತಿಯಿಂದ ವಿಧೇಯರಾಗಿರೆಂದು ಆಳುಗಳಿಗೆ ವಿಧಿಸುವದು. ನಾಲ್ಕನೆಯ ಶತಮಾನದಲ್ಲಿ ನಿಸ್ಸದ ಗ್ರೆಗರಿಯು ದೇವರ ಪ್ರತಿರೂಪವಾದ ಮನುಷ್ಯನಿಗೆ ಬೆಲೆ ಕಟ್ಟುವ ಅಧಿಕಾರವನ್ನೇ ಅಲ್ಲಗಳೆದನು. ಅವನ ಮಾತನ್ನು ಕೇಳಿದವರು ಬಹು ವಿರಳ.

ಅಮೇರಿಕಾದಲ್ಲಿ 1850ರಲ್ಲಿ, ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸಬೇಕೆಂಬ ಕಾಯಿದೆಯಾದಾಗ ಅದನ್ನು ಸಮರ್ಥಿಸಿದ ಪಂಡಿತರು ಫಿಲೆಮೋನನ ಪತ್ರವನ್ನೂ, ವಿರೋಧಿಸಿದವರು ಧರ್ಮೋಪದೇಶಕಾಂಡವನ್ನೂ ಹಿಡಿದು ನಿಂತರು. ಗುಲಾಮರ ಒಡೆಯರು ಮಾತ್ರ ಯಾವ ಭಾಗಕ್ಕೆ ಅಂಜುತ್ತಿದ್ದರೆಂಬುದಕ್ಕೆ ಅದಕ್ಕೂ ಹಿಂದಿನ ಒಂದು ಪುಸ್ತಕವು ಸಾಕ್ಷಿಯಾಗಿದೆ. 1807ರಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗಾಗಿ ಲಂಡನ್ನಿನಲ್ಲಿ ಅಚ್ಚಾದ ಬೈಬಲ್ ಸಂಗ್ರಹದಲ್ಲಿ ಎಫೆಸ ಪತ್ರದ ವಿಧೇಯತೆಯ ಉಪದೇಶವನ್ನು ಉಳಿಸಿಕೊಂಡು, ಇಸ್ರಾಯೇಲರು ಐಗುಪ್ತದಿಂದ ಬಿಡುಗಡೆ ಹೊಂದಿದ ಕಥೆಯನ್ನು ತೆಗೆದುಹಾಕಿದ್ದರು.