ಕೆಮ್ಮಣ್ಣಿನ ದಾರಿ

ಶಿವಮೊಗ್ಗ, ಭದ್ರಾವತಿಯ ಕಡೆ ಮಳೆ ಪೂರ್ತಿ ನಿಂತು, ಗದ್ದೆಗಳಲ್ಲಿ ಭತ್ತದ ಕೊಯ್ಲು ಶುರುವಾಯಿತೆಂದರೆ ಗುಡ್ಡ ಹತ್ತುವ ಕಾಲ ಬಂತೆಂದೇ ಲೆಕ್ಕ. ಡಿಸೆಂಬರ್ ಹೊತ್ತಿಗೆ ಜಿಗಣೆಗಳ ಕಾಟ ತಗ್ಗಿರುತ್ತದೆ, ಹಾದಿ ಜಾರುವುದಿಲ್ಲ, ಮಂಜು ಕರಗಿದ ಮೇಲೆ ಕಣ್ಣು ಹಾಯುವಷ್ಟು ದೂರ ಸಾಲು ಸಾಲು ಬೆಟ್ಟಗಳು ಕಾಣುತ್ತವೆ. ಭಾನುವಾರ ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಪಶ್ಚಿಮಕ್ಕೆ ಹೋದವರಿಗೆ ಕೆಳದಿ ಅರಸರ ಕವಲೇದುರ್ಗವಿದೆ, 1,343 ಮೀಟರ್ ಎತ್ತರದ ಕೊಡಚಾದ್ರಿಯಿದೆ. ಆಕಾಶ ತಿಳಿಯಾಗಿದ್ದ ದಿನ ಕೊಡಚಾದ್ರಿಯ ನೆತ್ತಿಯಿಂದ ಅರಬ್ಬೀ ಸಮುದ್ರವೂ ಕಾಣುತ್ತದೆ. ದಕ್ಷಿಣಕ್ಕೆ ತಿರುಗಿದವರು ತರೀಕೆರೆ, ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ ಕೆಮ್ಮಣ್ಣುಗುಂಡಿ ಸೇರುತ್ತಾರೆ.

ಈ ಮೂರರಲ್ಲಿ ಕೆಮ್ಮಣ್ಣುಗುಂಡಿಯ ಕಥೆ ಬೇರೆ. ಅದರ ಚರಿತ್ರೆಯ ಒಂದು ತುದಿ ಬೆಟ್ಟದ ಮೇಲಿದ್ದರೆ ಇನ್ನೊಂದು ತುದಿ ಭದ್ರಾವತಿಯ ಕಾರ್ಖಾನೆಯ ಗೇಟಿನಲ್ಲಿದೆ.

ಮೊದಲು ಹೆಸರನ್ನೇ ನೋಡಿ. ಕೆಂಪು, ಮಣ್ಣು, ಗುಂಡಿ. ಸುಮಾರು 1,434 ಮೀಟರ್ ಎತ್ತರದ ಜಾಗವನ್ನು ಗುಂಡಿ ಎಂದು ಕರೆಯುವುದು ವಿಚಿತ್ರವೆನಿಸುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಂಗುದಾಣವಾಗಿದ್ದುದರಿಂದ ಇದಕ್ಕೆ ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಹೆಸರೂ ಇದೆ. ಆದರೆ ಜನರ ಬಾಯಲ್ಲಿ ಉಳಿದದ್ದು ಗಿರಿಯಲ್ಲ, ಗುಂಡಿ. ಮಣ್ಣಿನ ಬಣ್ಣವನ್ನೂ ಅಗೆತದ ಗುರುತನ್ನೂ ಆ ಹೆಸರು ಒಟ್ಟಿಗೆ ಹೇಳುತ್ತದೆ.

ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಭೂವಿಜ್ಞಾನ ಇಲಾಖೆಯನ್ನು ಆರಂಭಿಸಿತು. ಬಾಬಾಬುಡನ್ ಶ್ರೇಣಿಯಲ್ಲಿ ಒಳ್ಳೆಯ ಕಬ್ಬಿಣದ ಅದಿರಿದೆ ಎಂಬುದು ಗೊತ್ತಿತ್ತು. ತೊಂದರೆ ಇದ್ದದ್ದು ಉರಿಸುವುದಕ್ಕೆ. ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಮುಂದಕ್ಕೆ ತಂದ ಯೋಜನೆ ಇದ್ದಿಲಿನದು: ಅದಿರು ಬೆಟ್ಟದಿಂದ, ಬೆಂಕಿ ಕಾಡಿನ ಕಟ್ಟಿಗೆಯಿಂದ, ನೀರು ಭದ್ರಾ ನದಿಯಿಂದ. ಈ ಮೂರೂ ಕೈಗೆಟುಕುವ ಜಾಗವಾಗಿ ಸಿಕ್ಕಿದ್ದು ಹಿಂದೆ ಬೆಂಕಿಪುರ ಎನ್ನುತ್ತಿದ್ದ ಭದ್ರಾವತಿ. 1923ರ ಜನವರಿ 18ರಂದು ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಿತು.

ಅದಿರು ಬೆಟ್ಟ ಇಳಿದ ಬಗೆ ಕುತೂಹಲದ್ದು. ಮೇಲೆ ಅಗೆದದ್ದನ್ನು ತಂತಿಹಗ್ಗಕ್ಕೆ ತೂಗುಹಾಕಿದ ತೊಟ್ಟಿಗಳಲ್ಲಿ ತುಂಬಿ ತಪ್ಪಲಿನ ತಣಿಗೇಬೈಲಿಗೆ ಇಳಿಸುತ್ತಿದ್ದರು. ಅಲ್ಲಿಂದ ಕಿರುಗಾತ್ರದ ಟ್ರಾಮ್ ಹಳಿಗಳ ಮೇಲೆ ಅದು ಭದ್ರಾವತಿಗೆ ಸಾಗುತ್ತಿತ್ತು. ಇಂಥ ರೋಪ್‌ವೇಗಳ ಸೂತ್ರ ಸರಳ. ಇಳಿಯುವ ತುಂಬಿದ ತೊಟ್ಟಿಯ ಭಾರ, ಹತ್ತುವ ಖಾಲಿ ತೊಟ್ಟಿಯನ್ನು ಎಳೆಯಲು ನೆರವಾಗುತ್ತದೆ. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ.

ಕಾಡೂ ಇಳಿಯಿತು. ಕುಲುಮೆಗೆ ಬೇಕಾದ ಕಟ್ಟಿಗೆಗಾಗಿ ಅಡವಿಯೊಳಕ್ಕೇ ಟ್ರಾಮ್ ಹಳಿಗಳು ಹೋದವು. ಕಾರ್ಖಾನೆಯಲ್ಲಿ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಏಳುವ ಹೊಗೆಯನ್ನೂ ಬಿಡದೆ ತಣಿಸಿ ಅದರಿಂದ ಮೀಥೈಲ್ ಆಲ್ಕೋಹಾಲ್, ಟಾರು ಮೊದಲಾದವನ್ನು ತೆಗೆಯುತ್ತಿದ್ದರು. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಅಷ್ಟರಲ್ಲಿ ಮೂರು ದಶಕಗಳ ಕಬ್ಬಿಣದ ಹಿಂದೆ ಎಷ್ಟೋ ಮರಗಳು ಉರುಳಿದ್ದವು.

ಇಷ್ಟನ್ನು ತಿಳಿದು ಜೆಡ್ ಪಾಯಿಂಟಿನ ಕಾಲುದಾರಿಯಲ್ಲಿ ನಡೆದರೆ ಬೆಟ್ಟ ಬೇರೆಯಾಗಿ ಕಾಣುತ್ತದೆ. ಒಂದು ಬದಿ ಕಡಿದಾದ ಇಳುಕಲು, ಇನ್ನೊಂದು ಬದಿ ಹುಲ್ಲಿನ ಓರೆ, ಕಣಿವೆಯ ಮಡಿಕೆಗಳಲ್ಲಿ ಶೋಲಾ ಕಾಡು. ಬಾಬಾಬುಡನ್ ಶ್ರೇಣಿಯ ಈ ಏಣುಗಳು ಮಳೆಗೆ ಸವೆಯದೆ ಎದ್ದು ನಿಂತಿರುವುದಕ್ಕೆ ದೊಡ್ಡ ಕಾರಣ ಅವುಗಳ ನೆತ್ತಿಯ ಮೇಲಿನ ಕಬ್ಬಿಣದ ಕಲ್ಲು. ಪದರು ಪದರಾದ ಈ ಗಟ್ಟಿ ಕಲ್ಲು ಟೋಪಿಯಂತೆ ಕುಳಿತು ಕೆಳಗಿನ ಮೆತ್ತನೆಯ ಬಂಡೆಯನ್ನು ಕಾಯುತ್ತದೆ. ಅಲ್ಲಿನ ಕೆಂಗಂದು ಕಲ್ಲೊಂದನ್ನು ಕೈಗೆತ್ತಿಕೊಳ್ಳಿ, ಗಾತ್ರಕ್ಕೆ ಮೀರಿದ ತೂಕ ಅಂಗೈಗೆ ತಿಳಿಯುತ್ತದೆ. ಬೆಟ್ಟವನ್ನು ಎತ್ತರದಲ್ಲಿ ನಿಲ್ಲಿಸಿದ್ದೂ ಕಬ್ಬಿಣ, ಅದನ್ನು ಅಗೆಯಲು ಜನರನ್ನು ಕರೆಸಿದ್ದೂ ಕಬ್ಬಿಣ. ನಾವು ನೋಡಲು ಹೋಗುವ ನೋಟಕ್ಕೂ ಆ ಗಣಿಗೂ ಮೂಲ ಒಂದೇ.

ಇದೇ ಹಾದಿಯಲ್ಲಿ, ಇದೇ ಚಳಿಯಲ್ಲಿ, ಗುದ್ದಲಿ ಹಿಡಿದು ನಡೆದವರ ನೆನಪು ಮಾತ್ರ ತೆಳುವಾಗಿದೆ. ದಿವಾನರ ಹೆಸರು ಕಾರ್ಖಾನೆಗೆ ಸಿಕ್ಕಿತು, ಮಹಾರಾಜರ ಹೆಸರು ಗಿರಿಧಾಮಕ್ಕೆ. ಅಗೆದವರ ಪಾಲಿಗೆ ಉಳಿದದ್ದು ‘ಗುಂಡಿ’ ಎಂಬ ಮೂರನೆಯ ಪದ.

ಈಗ ಗಣಿ ನಿಂತಿದೆ. ಗಿರಿಧಾಮವನ್ನು ತೋಟಗಾರಿಕೆ ಇಲಾಖೆ ನೋಡಿಕೊಳ್ಳುತ್ತಿದೆ. ತಣಿಗೇಬೈಲು ಇಂದು ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯದ ಹೆಸರು. ಕುದುರೆಮುಖದ ಕಥೆಯೂ ಹೆಚ್ಚು ಕಡಿಮೆ ಹೀಗೆಯೇ. 1976ರಲ್ಲಿ ಕಂಪನಿಯಾಯಿತು, ಅದಿರಿನ ರಾಡಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಯಿತು, 2005ರ ಕೊನೆಗೆ ಗಣಿ ನಿಂತಿತು. ಈಗ ಚಾರಣಿಗರು ಹೋಗುತ್ತಾರೆ. ಕಾಡಿಗೆ ಇದು ಒಳ್ಳೆಯ ಸುದ್ದಿಯೇ.

ಆದರೆ ತಪ್ಪಲಿನ ಊರಿನಿಂದ ನೋಡಿದರೆ ಈ ನಿಶ್ಶಬ್ದಕ್ಕೆ ಇನ್ನೊಂದು ಅರ್ಥವಿದೆ. ವಿಶ್ವೇಶ್ವರಯ್ಯನವರ ಹೆಸರಿನ ಕಾರ್ಖಾನೆ 1998ರಲ್ಲಿ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲೇ, 2023ರ ಜನವರಿಯಲ್ಲಿ, ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಧರಣಿ ಕೂತರು. ಆಗಸ್ಟಿನಲ್ಲಿ ಕೆಲವು ವಿಭಾಗಗಳು ಮತ್ತೆ ಚಾಲೂ ಆದರೂ ಊರಿನ ಆತಂಕ ತೀರಲಿಲ್ಲ. ಬೆಟ್ಟಕ್ಕೆ ಸಿಕ್ಕ ಬಿಡುವು, ಕೆಳಗಿನ ಮನೆಗಳಲ್ಲಿ ಸಂಬಳದ ಪ್ರಶ್ನೆ. ಎರಡನ್ನೂ ಒಟ್ಟಿಗೆ ಹಿಡಿಯದ ಚರಿತ್ರೆ ಅರ್ಧ ಚರಿತ್ರೆ.

ಹಾಗಾಗಿ ಈ ಚಳಿಗಾಲ ಗುಡ್ಡ ಹತ್ತುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಇಳಿದು ಬರುವಾಗ ಭದ್ರಾವತಿಯಲ್ಲಿ ಬಸ್ಸಿಳಿಯಿರಿ. ನಿವೃತ್ತ ಕಾರ್ಮಿಕರ ಮನೆಯಲ್ಲಿ ಒಂದು ಲೋಟ ಕಾಫಿಯ ಹೊತ್ತು ಕುಳಿತು, ರೋಪ್‌ವೇ ತೊಟ್ಟಿಗಳ ಬಗ್ಗೆ, ಗಣಿಯ ಪಾಳಿಗಳ ಬಗ್ಗೆ, ಯಾರು ಯಾವ ಊರಿನಿಂದ ಬಂದಿದ್ದರು ಎಂಬುದರ ಬಗ್ಗೆ ಕೇಳಿ ಬರೆದುಕೊಳ್ಳಿ. ಬೆಟ್ಟ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಹೇಳುವವರಿಗೆ ವಯಸ್ಸಾಗಿದೆ.