ಉಪ್ಪುನೀರಿನ ಊರಲ್ಲಿ ಸೈಕಲ್ ಗ್ರೀಸು

"ಸೈಕಲ್ಲಿಗೆ ಯಾವ ಗ್ರೀಸ್ ಒಳ್ಳೇದು ಚಿಕ್ಕಪ್ಪ?" ಅಂತ ಅಣ್ಣನ ಮಗ ಮೊನ್ನೆ ಫೋನ್ ಮಾಡಿದ್ದ. ಅವನಿಗೆ ಕಾರವಾರಕ್ಕೆ ವರ್ಗವಾಗಿದೆ, ಹೊಸ ಗೇರ್ ಸೈಕಲ್ ತಗೊಂಡಿದ್ದಾನೆ. ಅಂಗಡಿಯವನು ಕೆಂಪು, ನೀಲಿ, ಹಳದಿ ಅಂತ ಮೂರು ಡಬ್ಬಿ ಮುಂದಿಟ್ಟನಂತೆ. "ಯಾವುದು ಹಾಕಿದ್ರೆ ಚಕ್ರ ಹಗುರ ಓಡ್ತದೆ?" ಅಂದ. "ಓಡೋದು ಆಮೇಲೆ ಮಾರಾಯ, ಮೊದಲು ಉಪ್ಪುನೀರು ತಡೀತದಾ ಕೇಳು" ಅಂದೆ. ಅವನು ನಕ್ಕ. ಆ ಮಾತಿನ ಹಿಂದೆ ಅವನ ಅಜ್ಜನ ಮುರಿದ ಕೈ ಇದೆ ಅಂತ ಅವನಿಗೆ ಗೊತ್ತಿಲ್ಲ.

ನಮ್ಮ ಕಡೆ ಗಾಲಿಗೆ ಎಣ್ಣೆ ಹಾಕುವ ಕತೆ ಸೈಕಲ್ಲಿಗಿಂತ ಹಳೆಯದು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದರು. ಆಗ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸರಿಯಾಗಿ ಹೋಗುತ್ತಿರಲಿಲ್ಲ. ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂತು. ಎತ್ತಿನ ಗಾಡಿಗಳು ಘಟ್ಟ ಇಳಿದು ಕುಮಟೆ, ಕಾರವಾರದ ಬಂದರಿಗೆ ಬಂದವು. ಗಾಡಿ ಇದ್ದಲ್ಲಿ ಕೀಲೆಣ್ಣೆ ಇರಲೇಬೇಕಲ್ಲ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ ಅಚ್ಚಿಗೆ ಬಳಿಯುತ್ತಿದ್ದರು. ಅದೇ ಬಂದರಿನಲ್ಲಿ ದೋಣಿಯವರು ಹಲಗೆಗಳಿಗೆ ಮೀನೆಣ್ಣೆ ಸವರುತ್ತಿದ್ದರು. ಗಾಡಿಯವನ ಎಣ್ಣೆ ತಿಕ್ಕಾಟ ಕಡಿಮೆ ಮಾಡಲಿಕ್ಕೆ, ದೋಣಿಯವನ ಎಣ್ಣೆ ನೀರು ದೂರ ಇಡಲಿಕ್ಕೆ. ಕರಾವಳಿಯ ಸೈಕಲ್ ಗ್ರೀಸು ಈ ಎರಡೂ ಕೆಲಸ ಮಾಡಬೇಕು. ನಾವು ಮೊದಲನೆಯದನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ.

ಸೈಕಲ್ಲಿನ ಗಾಲಿ ತಿರುಗುವುದು ಉಕ್ಕಿನ ಗುಂಡುಗಳ ಮೇಲೆ. 1869ರಲ್ಲಿ ಪ್ಯಾರಿಸ್‌ನಿಂದ ರೂಆನ್‌ವರೆಗೆ ನಡೆದ ಪಂದ್ಯವನ್ನು ಜೇಮ್ಸ್ ಮೂರ್ ಗೆದ್ದದ್ದು ಬಾಲ್ ಬೇರಿಂಗ್ ಇದ್ದ ಸೈಕಲ್ಲಿನಲ್ಲಿ ಅಂತ ಹೇಳುತ್ತಾರೆ. ಆಮೇಲೆ ಬಂದ ಇಂಗ್ಲಿಷ್ ಸೈಕಲ್‌ಗಳ ಹಬ್ಬಿನ ನಡುವೆ ಸಣ್ಣದೊಂದು ತೂತು, ಅದಕ್ಕೆ ಮುಚ್ಚಳದಂತೆ ಸ್ಪ್ರಿಂಗ್ ಕ್ಲಿಪ್ ಇರುತ್ತಿತ್ತು. ಹಳೇ ರ‍್ಯಾಲಿ ಸೈಕಲ್ ಇದ್ದವರು ನೋಡಿರಬಹುದು. ಆಗಾಗ ನಾಲ್ಕು ಹನಿ ಎಣ್ಣೆ ಬಿಡಿ, ಕೊಳೆ ತಾನೇ ಹೊರಗೆ ಬರುತ್ತದೆ ಅನ್ನುವುದು ಅವರ ಲೆಕ್ಕ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಲ್ಲಿ ಆ ಲೆಕ್ಕ ನಡೆಯುವುದಿಲ್ಲ. ನಾಲ್ಕು ಹನಿ ಎಣ್ಣೆ ಒಂದೇ ಮಳೆಗೆ ತೊಳೆದು ಹೋಗುತ್ತದೆ. ಹಾಗಾಗಿ ನಮ್ಮ ಸೈಕಲ್ ಶಾಪಿನವರು ಮಳೆಗಾಲಕ್ಕೆ ಮುಂಚೆ ಹಬ್ಬು ಬಿಚ್ಚಿ ಗ್ರೀಸ್ ತುಂಬುತ್ತಿದ್ದರು. ಮುಂದಿನ ಗಾಲಿಗೆ ಒಂದು ಕಡೆ ಹತ್ತು ಗುಂಡು, ಹಿಂದಿನದಕ್ಕೆ ಒಂಬತ್ತು ದಪ್ಪ ಗುಂಡು. ಈ ಲೆಕ್ಕ ನನಗೆ ಮಗ್ಗಿಗಿಂತ ಮೊದಲು ಬಾಯಿಗೆ ಬಂದಿತ್ತು.

ಅಪ್ಪ ಅಂಕೋಲೆ ತಾಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರು. ಮನೆಯಿಂದ ಶಾಲೆಗೆ ಗಜನಿ ಗದ್ದೆಯ ಕಟ್ಟೆ ಮೇಲೆ ಹೋಗಬೇಕು. ಭರತ ಬಂದಾಗ ಉಪ್ಪುನೀರು ಕಟ್ಟೆ ಹತ್ತಿ ಅರ್ಧ ಗಾಲಿ ಮುಳುಗುತ್ತಿತ್ತು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು ನಮ್ಮದು. ಉಪ್ಪು ಅಂದರೆ ನಮಗೆ ಹೆಮ್ಮೆ, ಕಬ್ಬಿಣಕ್ಕೆ ಮಾತ್ರ ಅದು ಶತ್ರು.

1978ರ ಮೇ ತಿಂಗಳಲ್ಲಿ, ನನಗೆ ಹನ್ನೆರಡು ವರ್ಷ, ಅಪ್ಪನ ಹರ್ಕ್ಯುಲಿಸ್ ನಾನೇ ರಿಪೇರಿ ಮಾಡ್ತೇನೆ ಅಂತ ಹೊರಟೆ. ಶಾಪಿಗೆ ಕೊಡುವ ದುಡ್ಡು ಉಳಿಸಿ ಅಪ್ಪನ ಹತ್ತಿರ ಶಾಭಾಸ್ ಅನ್ನಿಸಿಕೊಳ್ಳುವ ಆಸೆ. ಹೆದ್ದಾರಿ ಪಕ್ಕದ ಒಂದು ಲಾರಿ ಗ್ಯಾರೇಜಿನಲ್ಲಿ ಬೇಡಿ ಗ್ರೀಸ್ ತಂದೆ. ಎಳೆದರೆ ನಾರು ನಾರಾಗಿ ಬರುವ, ಗಟ್ಟಿ ಗ್ರೀಸು. ಹತ್ತು ಟನ್ ಲಾರಿಗೆ ಆಗುವುದು ಸೈಕಲ್ಲಿಗೆ ಆಗದೇ ಇರ್ತದಾ ಅಂತ ಎರಡೂ ಗಾಲಿಗೆ ತುಂಬಿದೆ. ಚಕ್ರ ಚೆನ್ನಾಗಿಯೇ ತಿರುಗಿತು. ಅಪ್ಪ ಬೆನ್ನು ತಟ್ಟಿದರು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಗಜನಿ ಕಟ್ಟೆಯ ಮೇಲೆ ಮುಂದಿನ ಗಾಲಿ ಕಚ್ಚಿಕೊಂಡಿತು. ಅಪ್ಪ ಹಾರಿ ಬಿದ್ದರು. ಬಲಗೈ ಮಣಿಗಂಟಿನ ಮೂಳೆ ಮುರಿಯಿತು. ಎರಡು ತಿಂಗಳು ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆದರು. ಅಕ್ಷರ ಸೊಟ್ಟಗಾದರೆ ಮಕ್ಕಳು ನಗುತ್ತಿದ್ದರಂತೆ, ಅವರೂ ನಗುತ್ತಿದ್ದರಂತೆ.

ಸೈಕಲ್ಲನ್ನು ಶಾಪಿಗೆ ಹೊತ್ತುಕೊಂಡು ಹೋದವನು ನಾನೇ. ಶಾಪಿನ ಮಾಮ ಹಬ್ಬು ಬಿಚ್ಚಿದರು. ಒಳಗೆ ಗ್ರೀಸಿಲ್ಲ, ಹಾಲಿನ ಕೆನೆಯಂಥ ಬಿಳಿ ನೀರು. ಗುಂಡುಗಳಿಗೆ ತುಕ್ಕು, ಎರಡು ಒಡೆದು ಕೋನಿನ ಸಂದಿಗೆ ಸಿಕ್ಕಿಬಿದ್ದಿದ್ದವು. "ಎಂತ ಹಾಕಿದ್ಯೋ ತಮ್ಮಾ?" ಅಂದರು. ಹೇಳಿದೆ. ಅವರು ಚಿಮಣಿ ಎಣ್ಣೆಯಲ್ಲಿ ತೊಳೆಯುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಲಾರಿ ಹಬ್ಬು ಬ್ರೇಕಿಗೆ ಕಾಯ್ತದೆ, ಅದಕ್ಕೆ ಕಾವು ತಡೆಯೋದು ಬೇಕು. ಸೈಕಲ್ ಎಲ್ಲಿ ಕಾಯ್ತದೆ? ಇದಕ್ಕೆ ನೀರು ತಡೆಯೋದು ಬೇಕು" ಅಂದರು. ಸಂಜೆ ಅಪ್ಪ ಕೇಳಿದಾಗ ಮಾಮ ಹೇಳಿದ್ದು ಇಷ್ಟೇ: "ಹಳೇ ಗುಂಡು ಮಾಸ್ತರ್ರೇ, ಮಳೆ ನೀರು ಹೊಕ್ಕಿತ್ತು."

ಮಾಮ ಹೇಳಿದ್ದರ ಶಾಸ್ತ್ರ ನನಗೆ ತಿಳಿದದ್ದು ಎಷ್ಟೋ ವರ್ಷದ ನಂತರ. ಗ್ರೀಸ್ ಅಂದರೆ ಸಾಬೂನು ಸೇರಿಸಿ ದಪ್ಪ ಮಾಡಿದ ಎಣ್ಣೆ. ಸ್ಪಂಜಿನ ಹಾಗೆ ಸಾಬೂನು ಎಣ್ಣೆಯನ್ನು ಹಿಡಿದಿರುತ್ತದೆ. ಆ ಸಾಬೂನು ಯಾವುದು ಅನ್ನುವುದೇ ಮುಖ್ಯ. ಸೋಡಿಯಂ ಸಾಬೂನಿನದು ಕಾವು ತಡೆಯುತ್ತದೆ, ನೀರಿನಲ್ಲಿ ಮಾತ್ರ ಮೈಸೋಪಿನ ಹಾಗೆ ಕರಗುತ್ತದೆ. ನಾನು ಹಾಕಿದ್ದು ಅದೇ. ಸುಣ್ಣದಿಂದ ಮಾಡುವ ಕ್ಯಾಲ್ಸಿಯಂ ಗ್ರೀಸು ಹತ್ತೊಂಬತ್ತನೇ ಶತಮಾನದ್ದು. ಕಾವಿಗೆ ಸೋಲುತ್ತದೆ, ನೀರಿಗೆ ಜಗ್ಗುವುದಿಲ್ಲ. ಮಾಮನ ಡಬ್ಬಿಯಲ್ಲಿದ್ದ ಹಳದಿ ಗ್ರೀಸು ಅದು. ಕಾವನ್ನೂ ನೀರನ್ನೂ ತಕ್ಕಮಟ್ಟಿಗೆ ತಡೆಯುವ ಲಿಥಿಯಂ ಗ್ರೀಸಿಗೆ ಅಮೆರಿಕದ ಕ್ಲಾರೆನ್ಸ್ ಅರ್ಲ್ ಪೇಟೆಂಟ್ ಪಡೆದದ್ದು 1942ರಲ್ಲಿ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಅದೇ.

ಇಷ್ಟೆಲ್ಲ ಹೇಳಿದ ಮೇಲೆ ಅಣ್ಣನ ಮಗ, "ಹಾಗಾದ್ರೆ ಹಳದಿ ತಗೊಳ್ಳಲಾ?" ಅಂದ. ಅಲ್ಲ ಮಾರಾಯ. ಬಣ್ಣ ಬರೀ ಬಣ್ಣವೇ, ಕಂಪನಿಯವರು ಬೆರೆಸಿದ್ದು. ಡಬ್ಬಿಯ ಹಿಂದೆ ಓದಬೇಕು. ಕ್ಯಾಲ್ಸಿಯಂ ಅಂತ ಇದ್ದರೆ ಒಳ್ಳೆಯದು. ದೋಣಿಗೆ, ಬಂದರಿನ ಯಂತ್ರಕ್ಕೆ ಹಾಕುವ ಕ್ಯಾಲ್ಸಿಯಂ ಸಲ್ಫೊನೇಟ್ ಸಿಕ್ಕರೆ ಇನ್ನೂ ಒಳ್ಳೆಯದು. ಸಿಗದಿದ್ದರೆ 2ನೇ ನಂಬರಿನ ಲಿಥಿಯಂ ಸಾಕು, ಆದರೆ ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಬಿಚ್ಚಿ ನೋಡಬೇಕು. ಹಳೆಯದನ್ನು ಪೂರಾ ತೊಳೆದು ಒಣಗಿಸದೆ ಹೊಸದನ್ನು ಹಾಕಬಾರದು, ಹೊಂದಿಕೆಯಾಗದ ಸಾಬೂನುಗಳು ಒಟ್ಟಾದರೆ ಎರಡೂ ನೀರಾಗಬಹುದು. ಸೀಟಿನ ಕಂಬಕ್ಕೂ ಸವರಬೇಕು, ಇಲ್ಲವಾದರೆ ತುಕ್ಕು ಹಿಡಿದು ಕೂತುಬಿಡುತ್ತದೆ. ಚೈನಿಗೆ ಮಾತ್ರ ಗ್ರೀಸು ಬೇಡ. ಕಾರವಾರದ ಕಡಲತೀರದ ಮರಳೆಲ್ಲ ಅಂಟಿಕೊಳ್ಳುತ್ತದೆ, ಅದಕ್ಕೆ ಎಣ್ಣೆಯೇ ಸರಿ.

ಅಪ್ಪ ತೀರಿಕೊಂಡು ಹದಿನಾರು ವರ್ಷವಾಯಿತು. ಮಳೆ ಬಂದಾಗಲೆಲ್ಲ ಅವರ ಮಣಿಗಂಟು ನೋಯುತ್ತಿತ್ತು, ನಾನೇ ಎಷ್ಟೋ ಸಲ ಬಿಸಿ ಎಣ್ಣೆ ಹಚ್ಚಿದ್ದೇನೆ. ಆಗಲೂ ಲಾರಿ ಗ್ರೀಸಿನ ವಿಷಯ ಹೇಳಲು ಬಾಯಿ ಬರಲಿಲ್ಲ. ಮಾಮನೂ ಯಾರಿಗೂ ಹೇಳಲಿಲ್ಲ. ಅಣ್ಣನ ಮಗ ಇದನ್ನು ಓದುತ್ತಾನೆ, ಅವನಿಂದ ಅಣ್ಣನಿಗೂ ಗೊತ್ತಾಗುತ್ತದೆ. ಗೊತ್ತಾಗಲಿ.